‘ಕಲೆ’ ಪತ್ರಿಕೆಗೆ ಬಂದ ಓಲೆಗಳು

ಲಾಂಡ್ರಿಯ ಹಿಂದಿನ ಕೋಣೆಯಲ್ಲಿ, ಕಿಟಕಿಗೆ ತಾಗಿದ ಕಲ್ಲಿನ ಮೇಜಿನ ಮುಂದೆ ಅವಳು ಇಪ್ಪತ್ತೆರಡು ವರ್ಷ ನಿಂತಿದ್ದಳು. ಬಟ್ಟೆಯ ಮೇಲಿನ ಕಲೆ ತೆಗೆಯುವುದು ಅವಳ ಕೆಲಸ. ಎಂಥ ಕಲೆಯೆಂದು ಒಮ್ಮೆ ಮೂಸಿ, ಉಗುರಿನಿಂದ ಕೆರೆದು ಹೇಳಿಬಿಡುತ್ತಿದ್ದಳು. ಅಂಗಡಿಯವರೆಲ್ಲ ಅವಳನ್ನು ಡಾಕ್ಟರಮ್ಮ ಎನ್ನುತ್ತಿದ್ದರು. ಹಾಗೆಲ್ಲ ಕರೀಬೇಡಿ ಎನ್ನುತ್ತಲೇ ಅವಳು ಒಳಗೊಳಗೇ ಉಬ್ಬುತ್ತಿದ್ದಳು.

ಅವಳ ತಂಗಿಗೆ ವಿಮಾ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ. ಬಟ್ಟೆ ಒಗೆಯುವುದೆಂದರೆ ಮಾರು ದೂರ ಓಡುವವಳು. ಊಟದ ಬಿಡುವಿನಲ್ಲಿ ಮೊಬೈಲು ತಿಕ್ಕುತ್ತಾ ಚಿತ್ರವಿಚಿತ್ರ ಪತ್ರಿಕೆಗಳನ್ನು ಹುಡುಕಿ ಓದುವುದೇ ಅವಳ ಹುಚ್ಚು. ಬರೀ ಮೆಟ್ಟಿಲುಗಳ ಬಗ್ಗೆ ಒಂದು, ಜೋಡಿ ಕಳೆದುಕೊಂಡ ಕಾಲುಚೀಲಗಳ ಬಗ್ಗೆ ಇನ್ನೊಂದು. ಓದಿ ಓದಿ ಕೊನೆಗೆ ತಾನೇ ಒಂದು ಶುರು ಮಾಡಿದಳು. ಹೆಸರು ‘ಕಲೆ’. ಚಿತ್ರಕಲೆಯೋ ಶಿಲ್ಪಕಲೆಯೋ ಇರಬೇಕೆಂದು ತೆರೆದವರಿಗೆ, ಅಂಗಿಯ ಜೇಬಿನಲ್ಲಿ ಸೋರಿದ ಶಾಯಿಯ ದೊಡ್ಡ ಫೋಟೋ ಎದುರಾಗುತ್ತಿತ್ತು. ಜನ ನಕ್ಕರು. ನಕ್ಕವರು ಪೂರ್ತಿ ಓದಿ ಇನ್ನೊಬ್ಬರಿಗೂ ಕಳಿಸಿದರು.

ಅಕ್ಕನಿಗೆ ಇದು ತಿಳಿದದ್ದು ಗಿರಾಕಿಯೊಬ್ಬರಿಂದ. ತುಕ್ಕಿನ ಕಲೆಯಾದ ಬಿಳಿ ಅಂಗಿ ತಂದ ಮೇಷ್ಟರು, ಮೊಬೈಲನ್ನು ಅವಳ ಮೂಗಿನ ಮುಂದೆ ಹಿಡಿದರು.

“ನಿಂಬೆರಸ, ಉಪ್ಪು, ಆಮೇಲೆ ಬಿಸಿಲು. ಇದರಲ್ಲಿ ಬರೆದಿರೋ ಹಾಗೇ ಮಾಡಿ ಮೇಡಂ. ಬರೆದವರು ತುಂಬಾ ತಿಳಿದವರು.”

ಕೆಳಗೆ ತಂಗಿಯ ಹೆಸರಿತ್ತು. ಹಿಂದಿನ ತಿಂಗಳಷ್ಟೇ ಪಾತ್ರೆ ಒರೆಸುತ್ತಾ ತಾನು ಹೇಳಿದ್ದ ಮಾತುಗಳು ಒಂದಕ್ಷರ ಬಿಡದೆ ಅಲ್ಲಿದ್ದವು! ಅಕ್ಕ ಮೇಷ್ಟರ ಅಂಗಿಯನ್ನು ಹರಿದುಹೋಗುವಂತೆ ತಿಕ್ಕಿದಳು.

ಅಂದಿನಿಂದ ಪ್ರತಿ ಸಂಚಿಕೆಯನ್ನೂ ತಪ್ಪು ಹುಡುಕುವುದಕ್ಕೆಂದೇ ಓದಿದಳು. ಐದನೆಯದರಲ್ಲಿ ಸಿಕ್ಕಿತು. ರಕ್ತದ ಕಲೆಯನ್ನು ಬಿಸಿನೀರಿನಲ್ಲಿ ನೆನೆಸಬೇಕಂತೆ! ನಿಧಿ ಸಿಕ್ಕಷ್ಟು ಹಿಗ್ಗಿದ ಅಕ್ಕ ಕೂತಲ್ಲೇ ಮೊಬೈಲಿನಲ್ಲಿ ಪತ್ರಿಕೆಗೊಂದು ಓಲೆ ಬರೆದಳು: ‘ಬಿಸಿನೀರು ಹಾಕಿದರೆ ರಕ್ತ ಬಟ್ಟೆಗೆ ಕಚ್ಚಿಕೊಳ್ಳುತ್ತದೆ. ತಣ್ಣೀರೇ ಆಗಬೇಕು. ಗೊತ್ತಿಲ್ಲದಿದ್ದರೆ ಗೊತ್ತಿದ್ದವರನ್ನು ಕೇಳಿ.’ ಕೆಳಗೆ ‘ತಣ್ಣೀರು’ ಎಂದು ಸಹಿ ಹಾಕಿದಳು.

ತಂಗಿ ಕ್ಷಮೆ ಕೇಳಿ, ಅದನ್ನು ಪೂರ್ತಿ ಪ್ರಕಟಿಸಿದಳು. ಅಕ್ಕ ಬಿಡಲಿಲ್ಲ. ವಾರಕ್ಕೊಂದು ಓಲೆ ಹೋಯಿತು, ಒಂದಕ್ಕಿಂತ ಒಂದು ಖಾರ. ಓದುಗರಿಗೆ ಅದೇ ರುಚಿಸಿತು.

ಮೂರು ತಿಂಗಳಾದ ಮೇಲೆ ತಂಗಿ ಅಕ್ಕನ ಮನೆಗೆ ಊಟಕ್ಕೆ ಬಂದು, ತಟ್ಟೆಯ ಮುಂದೆ ಕುರ್ಚಿ ಎಳೆದುಕೊಂಡಳು. “ಬೇಜಾರು ಮಾಡ್ಕೋಬೇಡ ಅಕ್ಕಾ. ತಣ್ಣೀರು ಅಂತ ಒಬ್ಬರು ಬರೀತಾರೆ. ಕಲೆ ವಿಷಯದಲ್ಲಿ ನಿನಗಿಂತ ಒಂದು ಕೈ ಮೇಲೆ. ಅವರಿಗೇ ಒಂದು ಪುಟ ಕೊಟ್ಬಿಡೋಣ ಅಂತಿದೀನಿ.”

ಒಂದು ಕ್ಷಣ ಅಕ್ಕನಿಗೆ ಆ ತಣ್ಣೀರಿನ ಮೇಲೂ ಹೊಟ್ಟೆಕಿಚ್ಚಾಯಿತು. ಮರುಕ್ಷಣ ಬಾಯಿ ತಡೆಯಲಾಗಲಿಲ್ಲ. “ಅದು ನಾನೇ ಕಣೇ!”

ತಂಗಿಯ ಮುಖ ಸಣ್ಣದಾಯಿತು. “ಎದುರಿಗೇ ಹೇಳೋದಕ್ಕೇನಾಗಿತ್ತು? ಊರೆಲ್ಲ ನೋಡೋ ಹಾಗೆ ಮರ್ಯಾದೆ ತೆಗೀಬೇಕಿತ್ತಾ?”

“ನನ್ನ ಮಾತನ್ನ ನಿನ್ನ ಹೆಸರಲ್ಲಿ ಹಾಕ್ಕೊಂಡಾಗ ನೀನು ನನ್ನ ಕೇಳಿದ್ಯಾ?”

ತಂಗಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು: “ತಪ್ಪಾಯ್ತು. ಆದ್ರೆ ಎಲ್ಲರೂ ಕೇಳೋದು ತಣ್ಣೀರನ್ನೇ. ನನ್ನನ್ನ ಕೇಳೋರೇ ಇಲ್ಲ. ನಂಗೆಷ್ಟು ಹೊಟ್ಟೆ ಉರೀತಿತ್ತು ಗೊತ್ತಾ?”

ಅದನ್ನು ಕೇಳಿ ಅಕ್ಕನಿಗೆ ಹಾಯೆನಿಸಿತು. ಹಾಯೆನಿಸಿದ್ದಕ್ಕೆ ನಾಚಿಕೆಯೂ ಆಯಿತು. ಎದ್ದು ತಂಗಿಯ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು.

ಮುಂದಿನ ಸಂಚಿಕೆಯಲ್ಲಿ ಸಂಪಾದಕರೆಂದು ಇಬ್ಬರ ಹೆಸರೂ ಬಂತು. ಅಕ್ಕ ಕನ್ನಡಕ ಹಾಕಿಕೊಂಡು ನೋಡಿ, ಕೂಡಲೇ ಫೋನ್ ಮಾಡಿದಳು.

“ನಿನ್ನ ಹೆಸರು ಮೇಲಿದೆ. ದೊಡ್ಡೋಳು ಯಾರು?”

“ಪತ್ರಿಕೆ ಶುರು ಮಾಡಿದೋಳು ಯಾರು ಅಕ್ಕಾ?”

ಇಬ್ಬರೂ ಬಗ್ಗಲಿಲ್ಲ. ಈಗ ಒಂದು ಸಂಚಿಕೆಯಲ್ಲಿ ಅಕ್ಕನ ಹೆಸರು ಮೇಲಿರುತ್ತದೆ, ಇನ್ನೊಂದರಲ್ಲಿ ತಂಗಿಯದು.