ಅಲಸಂಡೆ ಚಪ್ಪರದ ಸೀಡಿಗಳು

ನನ್ನ ಗಂಡನ ಅಣ್ಣನಿಗೆ ಗೊತ್ತಿಲ್ಲದ ವಿಷಯ ಲೋಕದಲ್ಲಿಲ್ಲ. ಗಲ್ಫಿನಲ್ಲಿ ಅವರು ನೋಡಿಕೊಳ್ಳುವುದು ಯಾರದೋ ಗೋದಾಮನ್ನು. ಆದರೆ ರಜೆಯಲ್ಲಿ ಕಕ್ಕಿಂಜೆಯ ಮನೆಗೆ ಬಂದರೆಂದರೆ ಪಂಪು, ಫ್ರಿಜ್ಜು, ದನದ ಹಟ್ಟಿ, ಎಲ್ಲದಕ್ಕೂ ಅವರೇ ಇಂಜಿನಿಯರು. ಬೇರೆಯವರ ಮಾತು ಕೊನೆ ಮುಟ್ಟಲು ಬಿಟ್ಟವರಲ್ಲ. ನನ್ನ ಗಂಡನಂತೂ ಅಣ್ಣನೆದುರು ಉಗುಳು ನುಂಗುತ್ತಾ ನಿಲ್ಲುವ ಗಿರಾಕಿ.

ಈ ಸಲ ಅವರು ಬಂದಾಗ ನಮ್ಮ ಹಳೆಯ ಕಂಪ್ಯೂಟರ್ ಕೈಕೊಟ್ಟಿತ್ತು. ಗುಂಡಿ ಒತ್ತಿದರೆ ಕಪ್ಪು ಪರದೆಯ ಮೇಲೆ ಒಂದಷ್ಟು ಬಿಳಿ ಅಕ್ಷರ, ಅಷ್ಟೇ. ಹಾಳಾಗಿ ಹೋಗಲಿ ಎಂದು ಬಿಡುವಂತಿರಲಿಲ್ಲ, ಅದರೊಳಗೆ ಅತ್ತೆಯ ಸ್ವರವಿತ್ತು. ಗದ್ದೆಯಲ್ಲಿ ನೇಜಿ ನೆಡುವಾಗ ಹೇಳುತ್ತಿದ್ದ ತುಳು ಪಾಡ್ದನಗಳನ್ನು ಅವರು ಒಂದು ಮಳೆಗಾಲವಿಡೀ ಮೈಕಿನ ಮುಂದೆ ಕೂತು ನನಗಾಗಿ ಹಾಡಿದ್ದರು. ನಡುನಡುವೆ ನಿಲ್ಲಿಸಿ, ಕಂಪ್ಯೂಟರಿನತ್ತ ಗಲ್ಲ ಎತ್ತಿ, "ಇದಕ್ಕೆ ಕೇಳ್ತದಾ?" ಎನ್ನುತ್ತಿದ್ದರು. ಕಳೆದ ವರ್ಷ ತೀರಿಕೊಂಡರು. ಆಗ ಈ ದೊಡ್ಡ ಮಗನಿಗೆ ರಜೆ ಸಿಗಲಿಲ್ಲ. ಆ ಹಾಡುಗಳ ಪ್ರತಿ ಬೇರೆಲ್ಲೂ ಇರಲಿಲ್ಲ.

ನಾನು ಬೆಳ್ತಂಗಡಿಯ ಡಿಟಿಪಿ ಅಂಗಡಿಯೊಂದರಲ್ಲಿ ಕೆಲಸ ಮಾಡುವವಳು. ಕಂಪ್ಯೂಟರಿನ ಜೊತೆ ಬಂದ ಮೂಲ ಸೀಡಿ ಇದ್ದರೆ, ಒಳಗಿನದ್ದನ್ನು ಅಳಿಸದೆ, ಅದನ್ನು ನಡೆಸುವ ಓಎಸ್ ಒಂದನ್ನೇ ಸರಿಪಡಿಸಬಹುದೆಂದು ಬಲ್ಲೆ. ಕಪಾಟಿನಲ್ಲಿ ಹುಡುಕಿದರೆ ಖಾಲಿ ಲಕೋಟೆ ಸಿಕ್ಕಿತು. ಸೀಡಿಗಳು ಸಿಕ್ಕಿದ್ದು ಹಿತ್ತಿಲಿನ ಅಲಸಂಡೆ ಚಪ್ಪರದಲ್ಲಿ. ಹಿಂದಿನ ರಜೆಯಲ್ಲಿ ಮಂಗ ಓಡಿಸುವ ಉಪಾಯವೆಂದು ಭಾವನೇ ನೈಲಾನ್ ದಾರದಲ್ಲಿ ನೇತುಹಾಕಿದ್ದರು. ಹಾಳಾದ ಸೀಡಿ ಮನೆಯಲ್ಲಿ ರಾಶಿ ಬಿದ್ದಿದ್ದರೂ ಈ ಮಹಾಶಯರಿಗೆ ಗೀರಿಲ್ಲದೆ ಹೊಳೆಯುವುದೇ ಬೇಕಾಯಿತು. ಬಿಸಿಲು ಮಳೆಗೆ ಹೊಳಪಿನ ಪದರ ಎದ್ದು ಹೋಗಿತ್ತು. ಮಂಗಗಳು ಅದರಲ್ಲಿ ಮುಖ ನೋಡಿಕೊಂಡು, ಅಲಸಂಡೆ ತಿಂದು ಹೋಗಿದ್ದವು.

ಬೇರೆ ಸೀಡಿ ತಂದರೂ ಕಂಪ್ಯೂಟರಿನ ಪೆಟ್ಟಿಗೆಗೆ ಅಂಟಿಸಿದ ಚೀಟಿಯ ಪರವಾನಗಿ ಸಂಖ್ಯೆ ಬೇಕು. ಅತ್ತೆ ಪ್ರತಿ ಆಯುಧಪೂಜೆಗೆ ಆ ಚೀಟಿಗೇ ಗಂಧ ಕುಂಕುಮ ಹಚ್ಚಿ, ಮರುದಿನ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದಕ್ಷರವನ್ನೂ ಉಳಿಸಿರಲಿಲ್ಲ. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹಾರ್ಡ್ ಡಿಸ್ಕ್ ಬಿಚ್ಚಿ ಮೂಡುಬಿದಿರೆಯ ಪರಿಚಯದ ಅಂಗಡಿಗೆ ಒಯ್ದು, ಮೊದಲು ಹಾಡುಗಳನ್ನು ತೆಗೆಸುವುದೆಂದು ನಿಶ್ಚಯಿಸಿದೆ.

"ಅದರೊಳಗೆ ಪಾಡ್ದನ ಉಂಟು ಭಾವ, ಅತ್ತೆ..." ಎನ್ನುವಷ್ಟರಲ್ಲಿ ಅವರು ಕೈ ಬೀಸಿದರು.

"ಪಾಡ್ದನವಾ? ಮೊಬೈಲಿನಲ್ಲಿ ಬೇಕಾದಷ್ಟು ಉಂಟು ಮಾರಾಯ್ತಿ. ಅದಕ್ಕೆ ಮೂಡಬಿದ್ರೆಗೆ ಹೋಗುವುದಾ? ಸುಮ್ಮನೆ ಫಾರ್ಮ್ಯಾಟ್ ಹೊಡೆಯುವ."

"ದಯವಿಟ್ಟು ಮುಟ್ಟಬೇಡಿ" ಎಂದೆ. ನೋಡಿಕೊಳ್ಳಿ ಎಂದು ಗಂಡನಿಗೂ ಹೇಳಿ ಕೆಲಸಕ್ಕೆ ಹೋದೆ. ಈ ಗಂಡನಿಗೆ ಹೇಳುವುದೂ ಗೋಡೆಗೆ ಹೇಳುವುದೂ ಒಂದೇ.

ಸಂಜೆ ಬಂದಾಗ ಕಂಪ್ಯೂಟರಿನ ಪರದೆ ಬೆಳಗುತ್ತಿತ್ತು. ಪಾಣೆಮಂಗಳೂರಿನ ಯಾರೋ ದೋಸ್ತಿಯಿಂದ ನಕಲಿ ಸೀಡಿ ತಂದು, ಭಾವ ಇದ್ದದ್ದನ್ನೆಲ್ಲ ಅಳಿಸಿ ಹೊಸ ಓಎಸ್ ಹಾಕಿದ್ದರು. ಖಾಲಿಯಾದ ಜಾಗದ ತುಂಬ ಸಿನಿಮಾ ತುರುಕಿದ್ದರು. ಇನ್ನು ಮೂಡುಬಿದಿರೆಗೆ ಒಯ್ದರೂ ಅಳಿಸಿದ್ದನ್ನು ಹೆಕ್ಕಿ ತೆಗೆಯುವಂತಿರಲಿಲ್ಲ. ಪಕ್ಕದಲ್ಲಿ ನನ್ನ ಗಂಡ ಟಾರ್ಚು ಹಿಡಿದು ನಿಂತಿದ್ದರು, ಅಣ್ಣನಿಗೆ ಸ್ಕ್ರೂ ಕಾಣಲಿ ಎಂದು.

"ನೋಡು, ಹೊಸತರ ಹಾಗೆ ಆಯ್ತು. ಹಳೆ ಕಸ ಎಲ್ಲ ಹೋಯ್ತು" ಎಂದರು ಭಾವ.

"ಅದರಲ್ಲಿ ಇದ್ದದ್ದು ನಿಮ್ಮ ಅಮ್ಮನ ಸ್ವರ, ಭಾವ. ಅತ್ತೆಯೇ ಹಾಡಿದ್ದು. ಬೇರೆಲ್ಲಿಯೂ ಇಲ್ಲ."

ಅವರೆದುರು ನನ್ನ ಮಾತು ಕೊನೆ ಮುಟ್ಟಿದ್ದು ಅದೇ ಮೊದಲು. ಅವರು ಹಿತ್ತಿಲಿಗೆ ನಡೆದರು. ತಿರುಗಿ ಬರುವಾಗ ಕೈಯಲ್ಲಿ ಚಪ್ಪರದ ಸೀಡಿ, ಅದರಿಂದ ದಾರ ಇನ್ನೂ ಜೋತಾಡುತ್ತಿತ್ತು. ಲುಂಗಿಯ ಅಂಚಿನಲ್ಲಿ ಅದನ್ನು ಉಜ್ಜಿ ಉಜ್ಜಿ ನನ್ನೆದುರು ಹಿಡಿದರು.

"ಇದನ್ನು ಹಾಕಿದರೆ ಬರ್ತದಾ?"

ಎಲ್ಲ ಬಲ್ಲವರ ಬಾಯಿಂದ ಕೇಳಿದ ಮೊದಲ ಪ್ರಶ್ನೆ. ಬರುವುದಿಲ್ಲ ಎಂದು ಹೇಳಲು ನನಗೆ ಒಂದಿಷ್ಟೂ ಸಂಕೋಚವಾಗಲಿಲ್ಲ. ಅವರು ತಲೆ ತಗ್ಗಿಸಿ ಮತ್ತೆ ಉಜ್ಜತೊಡಗಿದರು.