ಅರ್ಧ ಒರೆಸಿದ ಬಾನೆಟ್

ಸ್ನೇಹಿತರೇ, ಇವತ್ತು ಕುಮಟಾದ ನನ್ನ ಕಾರ್ ಪಾಲಿಶ್ ಅಂಗಡಿಯಲ್ಲಿ ಮರ್ಯಾದೆ ಹೋಯ್ತು. ಧಾರೇಶ್ವರದ ಟೀಚರಕ್ಕ ತಮ್ಮ ಕಪ್ಪು ಕಾರು ತಂದಿದ್ದರು. ಪೇಂಟಿನ ಹೊಳಪಿಗೆ ಹಚ್ಚುವ ಗ್ಲೇಜ್ ಕ್ರೀಮಿನಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದರು. ಬಾನೆಟ್ ನಡುವೆ ಟೇಪ್ ಅಂಟಿಸಿ, ಎಡಕ್ಕೆ ಸಾದಾ ಗ್ಲೇಜ್, ಬಲಕ್ಕೆ ನಾನು ಎಲ್ಲರೆದುರು ಹೊಗಳುವ ದುಬಾರಿ ಗ್ಲೇಜ್ ಹಚ್ಚಿದೆ.

"ಕಣ್ಣು ನಂಬಬೇಡಿ ಅಕ್ಕಾ, ಹೊಳಪು ಅಳೆಯುವ ಮೀಟರೇ ಹೇಳ್ತದೆ" ಅಂದೆ.

ಅಷ್ಟರಲ್ಲಿ ಬಾನೆಟ್ ಮೇಲೆಲ್ಲ ಹೈವೇ ಧೂಳು ಕೂತಿತ್ತು. ಮೀಟರ್ ಇಡುವ ಮೊದಲು ಬಲಗಡೆ ಮಾತ್ರ ಒರೆಸಿದೆ. ಮರೆತದ್ದಲ್ಲ, ಬೇಕಂತಲೇ. ದುಬಾರಿಯದೇ ಗೆದ್ದಿತು.

ಅಕ್ಕ ನನ್ನ ಕೈಯಿಂದ ಬಟ್ಟೆ ತಗೊಂಡು ಎಡಗಡೆಯನ್ನೂ ಒರೆಸಿದರು. "ಈಗ ಇಡು ತಮ್ಮಾ."

ಎರಡೂ ಕಡೆ ಒಂದೇ ಅಂಕಿ ಬಂತು.

"ಎಂತ ಇದು?" ಅಂತ ಕೇಳ್ತಾರೆ ಅಂದುಕೊಂಡು ಸುಳ್ಳೊಂದು ಹುಡುಕುತ್ತಿದ್ದೆ. ಅವರು ಕೇಳಲೇ ಇಲ್ಲ. "ಆತು, ಸಾದಾದ್ದೇ ಹಚ್ಚು. ಸಂಜೆ ಬರ್ತೇನೆ" ಎಂದು ಕೀಲಿಯನ್ನು ನನ್ನ ಕೈಗಿಟ್ಟು ಬಸ್ಸಿಗೆ ಹೋದರು.

ಅಕ್ಕ ನನ್ನನ್ನು ಬೈದು ಬೇರೆ ಅಂಗಡಿಗೆ ಹೋಗಿದ್ದರೆ, ಒಂದು ಗಿರಾಕಿ ಹೋಯ್ತು ಅಂದುಕೊಂಡು ಮಧ್ಯಾಹ್ನದ ಊಟವಾದರೂ ಸೇರುತ್ತಿತ್ತು.