ಬೆಲೆ ಇಳಿಸಿದ ಡಬ್ಬಿ

ಖಾನಾಪುರದ ಆ ಹಂಚಿನ ಕಾರ್ಖಾನೆಯ ಮಾಲೀಕರು ಬೆಲೆಗಾಗಿ ಎಂದೂ ಜಗ್ಗಾಡಿದವರಲ್ಲ. ಬಂದವರ ಭುಜದ ಮೇಲೆ ಕೈಯಿಟ್ಟು, "ಮೊದಲ ಊಟಾ ಮಾಡ್ರಿ, ರೇಟ್ ಎಲ್ಲಿ ಓಡಿ ಹೋಗತೈತಿ?" ಎನ್ನುತ್ತಿದ್ದರು. ಉಂಡ ಗುತ್ತಿಗೆದಾರರು ತಾವಾಗಿಯೇ ಬೆಲೆ ಇಳಿಸಿ ಬರುತ್ತಿದ್ದರು.

ಅವರ ಹಳೆಯ ಶೆಡ್ಡುಗಳನ್ನೆಲ್ಲ ಒಮ್ಮೆ ತೊಳೆದುಕೊಡುವ ಕೆಲಸಕ್ಕೆ ಬೆಲೆ ಹೇಳಲು ಹೊರಟ ನಾನು ಮಹಾ ಜಾಣ. ಬೆಳಗಾವಿಯಲ್ಲೇ ಹೊಟ್ಟೆ ಬಿರಿಯುವಂತೆ ಉಂಡು ಹೋದೆ. ಮಸಿ ಹಿಡಿದ ಗೋಡೆಗಳನ್ನು ನೋಡಿ, ಗಟ್ಟಿ ದನಿಯಲ್ಲಿ ಬೆಲೆ ಹೇಳಿದೆ. ಊಟಕ್ಕೆ ಕರೆದಾಗ "ಆಗೇತ್ರಿ" ಎಂದೆ.

ಅವರ ಮುಖ ಬಾಡಿತು. ಒಳಗಿನಿಂದ ಬಿಸಿ ಹೋಳಿಗೆಯ ಡಬ್ಬಿ ತರಿಸಿ, "ಮನ್ಯಾಗ ಅಕ್ಕಾರಿಗಿ ಕೊಡ್ರಿ" ಎಂದರು. ಡಬ್ಬಿ ಕೈಗೆ ಬಂದದ್ದೇ ತಡ, ನನ್ನ ಬಾಯಿ ಬೆಲೆ ಇಳಿಸಿಬಿಟ್ಟಿತು.

ಮನೆಯಲ್ಲಿ ಹೆಂಡತಿ ಮುಚ್ಚಳ ತೆಗೆದು ಮೂಸಿದಳು.

"ತುಪ್ಪ ಭಾಳ ಹಾಕ್ಯಾರ. ಎಷ್ಟ ಇಳಿಸಿ ಬಂದ್ರಿ?"